ಕೊಟ್ಟ ಅಂಗಿ, ಕೊಂಡ ಅಂಗಿ

ಮಲೆನಾಡಿನ ಕಾಫಿಯ ಚರಿತ್ರೆಯನ್ನು ಬರೆದವರು ಹಲವರಿದ್ದಾರೆ. ಬಾಬಾಬುಡನ್ ಗಿರಿಗೆ ಬೀಜ ಬಂದ ಐತಿಹ್ಯ, ಆಂಗ್ಲ ತೋಟಗಾರರ ಸಾಹಸ, ಗಿಡಗಳನ್ನು ಹಾಳುಗೆಡವಿದ ಎಲೆರೋಗ ಮತ್ತು ಕಾಂಡಕೊರಕ ಹುಳು, ಬಾಳೆಹೊನ್ನೂರಿನಲ್ಲಿ ೧೯೨೫ರಲ್ಲಿ ಆರಂಭವಾದ ಸಂಶೋಧನಾ ಕೇಂದ್ರ, ೧೯೪೨ರ ಕಾಯಿದೆಯ ಕಾಫಿ ಮಂಡಳಿ, ಇವೆಲ್ಲವೂ ಗ್ರಂಥಸ್ಥವಾಗಿವೆ. ಆದರೆ ಹಣ್ಣು ಬಿಡಿಸಿದ ಕೈಗಳನ್ನು ಮುಚ್ಚಿದ್ದ ತೋಳು ಯಾವುದು, ಆ ತೋಳು ಯಾರ ಅಂಗಿಗೆ ಸೇರಿದ್ದು ಎಂದು ಕೇಳಿದವರು ಕಡಿಮೆ. ಕೇಳಲು ಕ್ಷುಲ್ಲಕವೆನ್ನಿಸುವ ಪ್ರಶ್ನೆ ಇದು. ಆದರೂ ಬೆನ್ನು ಹತ್ತಿ ಹೋದರೆ ನಮ್ಮ ಸಮಾಜದ ಒಂದು ದೊಡ್ಡ ಮಾತಿನ ಹತ್ತಿರಕ್ಕೆ ಕೊಂಡೊಯ್ಯುವಷ್ಟು ಶಕ್ತಿ ಅದಕ್ಕಿದೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಯಾವುದೇ ತೋಟವನ್ನು ಕೊಯ್ಲಿನ ಕಾಲದಲ್ಲಿ ಹೊಕ್ಕು ನೋಡಬಹುದು. ಮೂರು ಸಾವಿರ ಅಡಿಗೂ ಮಿಕ್ಕಿದ ಎತ್ತರದ ನೆಲ. ಡಿಸೆಂಬರ್ ತಿಂಗಳ ಮುಂಜಾನೆ. ಗಿಡವನ್ನು ಮುಟ್ಟಿದರೆ ಇಬ್ಬನಿ ತಲೆಯ ಮೇಲೆ ಸುರಿಯುತ್ತದೆ. ಸಾಲಿನಲ್ಲಿ ನಿಂತ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಷರಟು ತೊಟ್ಟಿರುತ್ತಾರೆ. ಗಂಡಸರಲ್ಲಿ ಕೆಲವರ ಮೈಮೇಲೆ ಭುಜ ಜೋತುಬಿದ್ದ, ಗುಂಡಿ ಬದಲಾದ ಕೋಟು ಇರುತ್ತದೆ. ಅಂಚು ಹರಿದ ಸ್ವೆಟರು, ಯಾವುದೋ ಶಾಲೆಯ ಹಳೆಯ ಸಮವಸ್ತ್ರ, ಪಟ್ಟಿ ಕಿತ್ತ ಖಾಕಿ, ಹೀಗೆ ಒಂದೊಂದು ಮೈಯಲ್ಲಿ ಒಂದೊಂದು. ಇವುಗಳಲ್ಲಿ ಬಹುಪಾಲು ಈಗ ತೊಟ್ಟವರ ಅಳತೆಗೆ ಕತ್ತರಿಸಿದವಲ್ಲ. ಹಿಂದೆ ಇನ್ನಾರದೋ ಮೈಮೇಲೆ ಇದ್ದು ಬಂದವು.

ಇವೆಲ್ಲ ಒಂದೇ ದಾರಿಯಲ್ಲಿ ಬಂದವುಗಳಲ್ಲ. ಹಳೆಯ ಬಟ್ಟೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದಕ್ಕೆ ಎರಡು ದಾರಿಗಳಿವೆ. ಒಂದು, ಉಳ್ಳವರು ಕೊಡುವುದು. ಮತ್ತೊಂದು, ಇಲ್ಲದವರು ತಮ್ಮ ಕಾಸು ತೆತ್ತು ಕೊಳ್ಳುವುದು. ಬಟ್ಟೆ ಅದೇ ಆಗಿರಬಹುದು, ತೂತೂ ಅಲ್ಲಿಯೇ ಇರಬಹುದು. ಆದರೆ ಕೊಟ್ಟ ಅಂಗಿಗೂ ಕೊಂಡ ಅಂಗಿಗೂ ನಡುವೆ ಇರುವ ಅಂತರ ಅಗಾಧವಾದುದು. ಈ ಅಂತರವೇ ಈ ಮಾತಿನ ವಸ್ತು.

ಕೋಟಿಗಿಂತ ಮೊದಲು ಈ ಬೆಟ್ಟಗಳಲ್ಲಿ ಇದ್ದದ್ದು ಕಂಬಳಿ. ಕುವೆಂಪು ಅವರ ಕಾದಂಬರಿಗಳನ್ನು ಓದಿದವರಿಗೆ ಕಂಬಳಿಕೊಪ್ಪೆಯ ಪರಿಚಯವಿದ್ದೇ ಇರುತ್ತದೆ. ಚೌಕವಾದ ಕಂಬಳಿಯ ಒಂದು ಮೂಲೆಯನ್ನು ಮಡಿಸಿ ತಲೆಗೆ ಏರಿಸಿಕೊಂಡರೆ ಅದು ಮಳೆಗೆ ಕೊಡೆ, ಚಳಿಗೆ ಹೊದಿಕೆ, ದಣಿದಾಗ ಹಾಸಿಗೆ. ಗದ್ದೆಯ ಕೆಲಸಕ್ಕೆ ಬಿದಿರು ಮತ್ತು ಎಲೆಗಳಿಂದ ಕಟ್ಟಿದ ಗೊರಬು, ತಲೆಗೆ ಅಡಿಕೆಯ ಹಾಳೆಟೊಪ್ಪಿ. ಕಂಬಳಿ ಮಾತ್ರ ಬಯಲುಸೀಮೆಯಿಂದ ಬರಬೇಕಾಗಿತ್ತು. ಕುರಿಗಳಿದ್ದ ಚಳ್ಳಕೆರೆಯಂಥ ಕಡೆಗಳಲ್ಲಿ ಕುರುಬರು ನೇಯ್ದ ಕಂಬಳಿ ಸಂತೆಯಿಂದ ಸಂತೆಗೆ ಸಾಗಿ ಮಲೆನಾಡನ್ನು ಸೇರುತ್ತಿತ್ತು. ೧೮೦೦-೧೮೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕುರುಬರ ಈ ನೇಯ್ಗೆಯನ್ನು ಗಮನಿಸಿ ಬರೆದಿದ್ದಾನೆ. ಮುಂದೆ ಆಂಗ್ಲರು ಈ ಮಾತನ್ನು ತಮ್ಮ ಭಾಷೆಗೂ ತೆಗೆದುಕೊಂಡರು. ೧೮೮೬ರ ಹಾಬ್ಸನ್-ಜಾಬ್ಸನ್ ನಿಘಂಟಿನಲ್ಲಿ ಕಂಬಳಿಗೆ ಒಂದು ನಮೂದೇ ಇದೆ.

ಕಂಬಳಿಯ ಬಗ್ಗೆ ಇನ್ನೊಂದು ಮಾತು ಹೇಳಬೇಕು. ನಮ್ಮ ಮಡಿ-ಮೈಲಿಗೆಯ ಲೆಕ್ಕದಲ್ಲಿ ಹತ್ತಿಯ ಬಟ್ಟೆಗೆ ಬಹುಬೇಗ ಮೈಲಿಗೆ ತಾಗುತ್ತದೆ. ರೇಷ್ಮೆಗೂ ಉಣ್ಣೆಗೂ ಹಾಗೆ ತಾಗುವುದಿಲ್ಲ. ಧಾಬಳಿಯನ್ನು ಮಡಿಗೆ ಉಡುವುದು ಈ ಕಾರಣದಿಂದಲೇ. ಒಬ್ಬರು ಉಟ್ಟ ಹತ್ತಿಯ ಪಂಚೆಯನ್ನು ಇನ್ನೊಬ್ಬರು ಉಡುವುದಕ್ಕೆ ಹಿಂಜರಿಯುತ್ತಿದ್ದ ಜನರು ಒಬ್ಬರು ಹೊದ್ದ ಕಂಬಳಿಯ ಮೇಲೆ ಕುಳಿತುಕೊಳ್ಳಲು ಅಷ್ಟಾಗಿ ಅಂಜುತ್ತಿರಲಿಲ್ಲ. ಮುಂದೆ ಪರರ ಉಣ್ಣೆಯ ಕೋಟನ್ನು ಮಲೆನಾಡು ಹೆಚ್ಚು ಸಂಕೋಚವಿಲ್ಲದೆ ಒಪ್ಪಿಕೊಂಡಿತು. ಅದರ ಹಿಂದೆ ಚಳಿಯ ಜೊತೆಗೆ ಈ ನಂಬಿಕೆಯ ಕೈವಾಡವೂ ಇದ್ದೀತು ಎಂದು ನನ್ನ ಊಹೆ.

ಕೋಟು ಬಂದದ್ದು ಕಾಫಿಯೊಡನೆ. ೧೮೩೦ರ ಸುಮಾರಿಗೆ ಕ್ಯಾನನ್ ಎಂಬ ಆಂಗ್ಲನು ಬಾಬಾಬುಡನ್ ಗಿರಿಯ ದಕ್ಷಿಣಕ್ಕೆ ತೋಟವೆಬ್ಬಿಸಿದ. ೧೮೫೦ರ ದಶಕದಲ್ಲಿ ಮಂಜರಾಬಾದಿಗೆ ಬಂದು ನೆಲಸಿದ ರಾಬರ್ಟ್ ಎಲಿಯಟ್ ತನ್ನ ತೋಟಗಾರಿಕೆಯ ಅನುಭವಗಳನ್ನು ೧೮೯೪ರಲ್ಲಿ ಗ್ರಂಥವಾಗಿ ಪ್ರಕಟಿಸಿದ. ಹೀಗೆ ತೋಟ ಬೆಳೆದಂತೆ ಆಳುಗಳ ಬೇಡಿಕೆಯೂ ಬೆಳೆಯಿತು. ಘಟ್ಟಕ್ಕೂ ಕರಾವಳಿಗೂ ಸಂಬಂಧ ಹೊಸದೇನೂ ಆಗಿರಲಿಲ್ಲ. ಕಳಸ-ಕಾರ್ಕಳದ ಭೈರರಸರ ಕಾಲದಿಂದಲೂ ಅದು ಇದ್ದದ್ದೇ. ಆದರೆ ಕಾಫಿಯ ಕಾಲದಲ್ಲಿ ಜನರು ಮುಂಗಡ ಹಣ ಪಡೆದು, ಮೇಸ್ತ್ರಿಯ ಹಿಂದೆ, ಗುಂಪುಗುಂಪಾಗಿ ಘಟ್ಟ ಹತ್ತತೊಡಗಿದರು. ದಕ್ಷಿಣ ಕನ್ನಡದಿಂದ ಬಂದವರಿಗೆ, ತಮಿಳು ಸೀಮೆಯಿಂದ ಬಂದವರಿಗೆ, ಊರಿನ ಸೆಖೆಯಲ್ಲಿ ಒಂದು ತುಂಡು ಹತ್ತಿಬಟ್ಟೆ ಸಾಕಾಗುತ್ತಿತ್ತು. ಇಲ್ಲಿಯ ಚಳಿ, ಮಳೆ, ಇಂಬಳಗಳ ನಡುವೆ ಅದು ಸಾಲದಾಯಿತು.

ತೋಟದಲ್ಲಿ ಕೋಟು ಪದವಿಯ ಗುರುತೂ ಆಗಿತ್ತು. ದೊರೆಯ ಕೋಟು ಒಂದು ಬಗೆ, ರೈಟರನ ಕೋಟು ಇನ್ನೊಂದು ಬಗೆ, ಪಂಚೆಯ ಮೇಲೆ ಕೋಟು ತೊಟ್ಟು ತಲೆಗೆ ಮುಂಡಾಸು ಸುತ್ತಿದ ಮೇಸ್ತ್ರಿಯದು ಮತ್ತೂ ಒಂದು ಬಗೆ. ಹಳತಾದ ಕೋಟು ಈ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯುತ್ತಿತ್ತು. ದೊರೆಯಿಂದ ಬಟ್ಲರನಿಗೆ, ಅವನಿಂದ ಇನ್ನೊಬ್ಬನಿಗೆ, ಕೊನೆಗೆ ಬಣ್ಣವಾವುದು ಎಂದು ಹೇಳಲಾಗದಂತಾದ ಮೇಲೆ ಲೈನಿನ ಮನೆಗೆ. ದೇಶೀಯ ಸಾಹುಕಾರರ ಮನೆಗಳಲ್ಲಿಯೂ ಇದೇ ಕ್ರಮ. ಹಬ್ಬಕ್ಕೆ, ಮದುವೆಗೆ, ಸಾವಿಗೆ ಹಳೆಯ ಬಟ್ಟೆ ಆಳುಗಳ ಪಾಲು. ಜೀತದ ಕರಾರಿನಲ್ಲಂತೂ ಊಟ ಮತ್ತು ಕಂಬಳಿಯೇ ಕೂಲಿಯ ಒಂದು ಭಾಗವಾಗಿರುತ್ತಿದ್ದವು. ಆ ಪದ್ಧತಿಯನ್ನು ಕಾನೂನು ರದ್ದುಗೊಳಿಸಿದ್ದು ೧೯೭೬ರಲ್ಲಿ.

ಕೊಡುವವರಲ್ಲಿ ಕರುಣೆ ಇರಲಿಲ್ಲ ಎಂದು ಹೇಳುವುದು ಅನ್ಯಾಯ. ಎಷ್ಟೋ ಮನೆಗಳ ಯಜಮಾನಿಯರು ಒಗೆದು, ಮಡಿಸಿ, ಪ್ರೀತಿಯಿಂದಲೇ ಕೊಟ್ಟಿದ್ದಾರೆ. ಆದರೆ ಪದ್ಧತಿಯ ಬೇರು ಎಲ್ಲಿದೆ ಎಂಬುದನ್ನು ಮರೆಯುವಂತಿಲ್ಲ. ಮನುಸ್ಮೃತಿಯ ಹತ್ತನೆಯ ಅಧ್ಯಾಯದಲ್ಲಿ ಆಶ್ರಿತನಾದ ಶೂದ್ರನಿಗೆ ಉಳಿದ ಅನ್ನವನ್ನೂ ಜೀರ್ಣವಾದ ಬಟ್ಟೆಗಳನ್ನೂ ಕೊಡತಕ್ಕದ್ದೆಂದು ವಿಧಿಸಿದೆ. ಅದೇ ಅಧ್ಯಾಯ ಚಂಡಾಲನಿಗೆ ಹೆಣದ ಮೇಲಿನ ಬಟ್ಟೆಯನ್ನೇ ಉಡುಗೆಯಾಗಿ ಗೊತ್ತುಮಾಡುತ್ತದೆ. ಎಂದರೆ ಹಳೆಯ ಬಟ್ಟೆ ನಮ್ಮಲ್ಲಿ ಕೇವಲ ಮಿತವ್ಯಯದ ವಿಷಯವಾಗಿರಲಿಲ್ಲ. ಯಾರು ಎಲ್ಲಿ ನಿಲ್ಲಬೇಕು ಎಂಬುದನ್ನು ಮೈಮೇಲೆ ಬರೆದು ತೋರಿಸುವ ಲಿಪಿಯಾಗಿತ್ತು. ಕೊಟ್ಟದ್ದನ್ನು ತೊಡಬೇಕು, ಕೊಟ್ಟವರೆದುರಿಗೆ ತೊಟ್ಟು ಓಡಾಡಬೇಕು, ಕೊಟ್ಟವರಿಗಿಂತ ಚೆನ್ನಾಗಿ ಮಾತ್ರ ಕಾಣಬಾರದು.

ಚೆನ್ನಾಗಿ ಕಾಣಲು ಹೊರಟವರಿಗೆ ಏನಾಯಿತೆಂಬುದಕ್ಕೆ ದಕ್ಷಿಣ ಭಾರತದ ಚರಿತ್ರೆಯಲ್ಲಿ ಉದಾಹರಣೆಗಳಿವೆ. ತಿರುವಾಂಕೂರಿನ ನಾಡಾರ್ ಹೆಂಗಸರು ಮೈಯ ಮೇಲ್ಭಾಗ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಿ, ೧೮೫೯ರ ಘೋಷಣೆಯ ತನಕ ಕಾಯಬೇಕಾಯಿತು. ೧೯೩೦ರ ಡಿಸೆಂಬರಿನಲ್ಲಿ ರಾಮನಾಡಿನ ಕಳ್ಳರ್ ಜನರು ಅಲ್ಲಿಯ ಆದಿದ್ರಾವಿಡರ ಮೇಲೆ ಎಂಟು ನಿಷೇಧಗಳನ್ನು ಹೇರಿದರು. ಕೋಟು, ಷರಟು, ಬನಿಯನ್ನು ತೊಡಬಾರದೆಂಬುದು ಅವುಗಳಲ್ಲಿ ಒಂದು. ಜಾತಿಯನ್ನು ಕುರಿತು ಬರೆದ ಹಟನ್ ಇದನ್ನು ದಾಖಲಿಸಿದ್ದಾನೆ. ಅದಕ್ಕೆ ಮೂರು ವರ್ಷ ಮೊದಲು, ೧೯೨೭ರಲ್ಲಿ, ಮಹಾಡದಲ್ಲಿ ನೆರೆದ ಹೆಂಗಸರಿಗೆ ಅಂಬೇಡ್ಕರ್ ಅವರು ಸೀರೆ ಉಡುವ ರೀತಿಯನ್ನು ಬದಲಿಸಿರೆಂದೂ ಜಾತಿಯನ್ನು ಸಾರಿ ಹೇಳುವ ಒಡವೆಗಳನ್ನು ಬಿಡಿರೆಂದೂ ಹೇಳಿದ್ದರು. ಉಡುಪಿನ ಮಾತನ್ನು ಷೋಕಿಯ ಮಾತೆಂದು ತಳ್ಳಿಹಾಕುವವರು ಈ ಘಟನೆಗಳನ್ನು ನೆನೆಯಬೇಕು. ಒಂದು ಕೋಟಿಗಾಗಿ ಏಟು ತಿಂದವರ ದೇಶ ನಮ್ಮದು.

ಈ ಹಿನ್ನೆಲೆಯಲ್ಲಿ ಸಂತೆಯ ರಾಶಿಯನ್ನು ನೋಡಬೇಕು. ಹಳೆಯ ಬಟ್ಟೆ ಪೇಟೆಯ ಸರಕಾಗಿ ವಿಪುಲವಾಗಿ ಹರಿಯತೊಡಗಲು ಎರಡನೆಯ ಮಹಾಯುದ್ಧ ಒಂದು ದೊಡ್ಡ ಕಾರಣ. ಯುದ್ಧಕಾಲದಲ್ಲಿ ಬಟ್ಟೆಯ ಅಭಾವ ಎಷ್ಟಾಯಿತೆಂದರೆ ೧೯೪೩ರಲ್ಲಿ ಸರ್ಕಾರ ಹತ್ತಿಯ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣ ತರಬೇಕಾಯಿತು. ಬೆಂಗಳೂರು ಆಗ ಸೈನ್ಯದ ಒಂದು ದೊಡ್ಡ ನೆಲೆ. ೧೯೪೫ರಲ್ಲಿ ಯುದ್ಧ ಮುಗಿಯುತ್ತಲೇ ಸೈನ್ಯಕ್ಕೆ ಮಿಕ್ಕಿದ ಸಾಮಗ್ರಿ ವಿಲೇವಾರಿಗೆ ಬಂತು. ಖಾಕಿಯ ದಪ್ಪ ಕೋಟು, ಉಣ್ಣೆಯ ಜೆರ್ಸಿ, ಬೂಟ್ಸು, ಕಂಬಳಿ ಮುಂತಾದುವು ವ್ಯಾಪಾರಿಗಳ ಕೈಸೇರಿದವು. ಮಿಲಿಟರಿ ಕೋಟು ಎಂಬ ಮಾತು ನಮ್ಮ ನುಡಿಯಲ್ಲಿ ನೆಲೆಯೂರಿತು. ಚಳಿಯ ಸೀಮೆಗೆ ಇದಕ್ಕಿಂತ ಒಪ್ಪುವ ಸರಕು ಇನ್ನಾವುದಿದ್ದೀತು?

ಪೇಟೆಗಳಲ್ಲಿ ಹಳೆಯ ಬಟ್ಟೆ ಕೂಡಿಸುವ ಇನ್ನೊಂದು ಜಾಲವೂ ಇತ್ತು. ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿಬೀದಿ ಸುತ್ತಿ, ಹಳೆಯ ಬಟ್ಟೆ ಪಡೆದು ಸ್ಟೀಲಿನ ಪಾತ್ರೆ ಕೊಡುವ ಹೆಂಗಸರನ್ನು ನೋಡದ ಗೃಹಿಣಿಯರುಂಟೆ? ಹಳೆಯ ಜರಿಸೀರೆಯಾದರೆ ಜರಿಯನ್ನು ಸುಟ್ಟು ಬೆಳ್ಳಿ ತೆಗೆಯುವವರ ಕೈಗೆ ಅದು ಹೋಗುತ್ತದೆ. ಪ್ಯಾಂಟು, ಷರಟು, ಸ್ವೆಟರುಗಳಾದರೆ ವಿಂಗಡವಾಗಿ, ದುರಸ್ತಿಯಾಗಿ, ಮತ್ತೆ ಬೀದಿಗೆ ಬರುತ್ತವೆ. ಪೇಟೆಯ ಮನೆಯೊಂದರಲ್ಲಿ ಒಂದು ಡಬರಿಗೆ ಬದಲಾದ ಷರಟು ಗಂಟು ಕಟ್ಟಿಸಿಕೊಂಡು, ಬಸ್ಸಿನ ಟಾಪಿನ ಮೇಲೆ ಕುಳಿತು, ಘಟ್ಟದ ಸಂತೆಗೆ ಬಂದಿಳಿಯುವುದು ಹೀಗೆ.

ತೋಟದ ಬದುಕಿನಲ್ಲಿ ಬಟವಾಡೆಗೂ ಸಂತೆಗೂ ನಂಟು ಬಲವಾದದ್ದು. ಕೂಲಿಯ ಹಣ ಕೈಗೆ ಬಂದ ಮೇಲೆ ಮೊದಲು ಅಕ್ಕಿ, ಉಪ್ಪು, ಒಣಮೀನು, ಎಲೆಯಡಿಕೆ. ಏನಾದರೂ ಉಳಿದರೆ ಸಂತೆಯ ಅಂಚಿನಲ್ಲಿ ತಾಡಪಾಲು ಹಾಸಿ ಸುರಿದಿಟ್ಟ ಬಟ್ಟೆಯ ರಾಶಿಯ ಕಡೆಗೆ ಹೆಜ್ಜೆ. "ಮುಟ್ಟಿ ನೋಡಿ ಅಕ್ಕಾ, ಮುಟ್ಟಿದ್ದಕ್ಕೆ ದುಡ್ಡಿಲ್ಲ" ಎಂದು ವ್ಯಾಪಾರಿ ಕೂಗುತ್ತಾನೆ. "ಎಂಥ ಮಾರಾಯ, ಇದಕ್ಕೆ ಒಂದು ತೋಳೇ ಇಲ್ಲವಲ್ಲ!" ಎಂದು ಗಿರಾಕಿ ನಗುತ್ತಾಳೆ. ಈ ನಗುವನ್ನು ನಾವು ಗಮನಿಸಬೇಕು. ಕೊಟ್ಟ ಅಂಗಿಗೆ ತೋಳಿಲ್ಲವೆಂದು ಯಜಮಾನರ ಅಂಗಳದಲ್ಲಿ ನಿಂತು ನಗಲು ಸಾಧ್ಯವಿತ್ತೆ? ಕಾಸು ಎಷ್ಟೇ ಕಡಿಮೆ ಇರಲಿ, ಕೊಳ್ಳುವವನಿಗೆ ಬೇಡವೆನ್ನುವ ಹಕ್ಕು ಇರುತ್ತದೆ. ಬೇಡವೆನ್ನುವ ಹಕ್ಕು ಇದ್ದಲ್ಲಿ ಮಾತ್ರ ಬೇಕೆನ್ನುವುದಕ್ಕೆ ಅರ್ಥ ಬರುತ್ತದೆ. ಅಭಿರುಚಿ ಹುಟ್ಟುವುದು ಅಲ್ಲಿಯೇ.

ಆಫ್ರಿಕದ ಜಾಂಬಿಯಾ ದೇಶದಲ್ಲಿ ಹೊರದೇಶಗಳಿಂದ ಬರುವ ಹಳೆಯ ಬಟ್ಟೆಗೆ ಸಲೌಲ ಎಂಬ ಹೆಸರಿದೆ. ಬೆಂಬಾ ಭಾಷೆಯ ಈ ಮಾತಿಗೆ ರಾಶಿಯನ್ನು ಕೆದಕಿ ಆರಿಸುವುದು ಎಂದು ಅರ್ಥ. ಅಲ್ಲಿಯ ಜನರು ಬಟ್ಟೆಗೆ ಹೆಸರಿಡುವಾಗ ಅದರ ಹಳತನವನ್ನು ನೆನೆಯಲಿಲ್ಲ, ಅದನ್ನು ಕೊಟ್ಟವರನ್ನೂ ನೆನೆಯಲಿಲ್ಲ. ತಮ್ಮ ಕೈ ಮಾಡಿದ ಆಯ್ಕೆಯನ್ನು ನೆನೆದರು. ಕರೆನ್ ಹಾನ್ಸೆನ್ ಎಂಬ ಮಾನವಶಾಸ್ತ್ರಜ್ಞೆ ೨೦೦೦ದಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಇದೇ ಮಾತು ಹೆಸರಾಗಿದೆ. ನಮ್ಮ ಸಂತೆಯ ರಾಶಿಯನ್ನು ಅರ್ಥಮಾಡಿಕೊಳ್ಳಲು ಈ ದೂರದ ಮಾತು ತುಂಬ ಸಹಾಯಕ.

ಆರಿಸುವುದೂ ಒಂದು ವಿದ್ಯೆ. ತಿಳಿದವರು ಮೊದಲು ಬಣ್ಣ ನೋಡುವುದಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತಾರೆ. ಎಳೆ ಸವೆದ ಕಡೆ ಬೆಳಕು ಸೋರುತ್ತದೆ, ನುಸಿ ತಿಂದ ತೂತು ಚುಕ್ಕಿಯಾಗಿ ಹೊಳೆಯುತ್ತದೆ. ಆಮೇಲೆ ಕಂಕುಳ ಹೊಲಿಗೆ, ಕಾಲರಿನ ಮಡಿಕೆ, ಮುಂಗೈಯ ಅಂಚು. ಬೆವರು ಮತ್ತು ಉಜ್ಜಾಟ ಬಟ್ಟೆಯನ್ನು ಮೊದಲು ತಿನ್ನುವುದು ಅಲ್ಲಿಯೇ. ಕೋಟಾದರೆ ಒಳಗಿನ ಅಸ್ತರು ನೋಡಬೇಕು. ಅಳತೆಯಲ್ಲಿ ಭುಜವೇ ಮುಖ್ಯ. ಉದ್ದವನ್ನು ಮಡಿಸಬಹುದು, ಸೊಂಟವನ್ನು ಹಿಡಿಯಬಹುದು. ಭುಜವನ್ನು ತಿದ್ದುವುದು ದರ್ಜಿಗೂ ಕಷ್ಟ. ಹೊಲಿಗೆಯ ಒಳಗೆ ಎಷ್ಟು ಅಂಚು ಬಿಟ್ಟಿದ್ದಾರೆ ಎಂದು ನೋಡಿದರೆ ಬಟ್ಟೆಗೆ ಇನ್ನೆಷ್ಟು ಆಯುಸ್ಸು ಇದೆಯೆಂದು ತಿಳಿಯುತ್ತದೆ. ಗುಂಡಿ ಇಲ್ಲದ್ದು ದೋಷವಲ್ಲ, ಚೌಕಾಸಿಗೆ ಅದೊಂದು ಅನುಕೂಲ. ಮನೆಗೆ ತಂದ ಮೇಲೆ ಹತ್ತಿಯದನ್ನು ಕುದಿನೀರಿನಲ್ಲಿ ಅದ್ದಿ ಒಗೆಯಬೇಕು, ಉಣ್ಣೆಯದನ್ನು ಕೊಡವಿ ನಾಲ್ಕು ದಿನ ಸುಡುಬಿಸಿಲಿಗೆ ಹರವಬೇಕು. ಇಷ್ಟು ಶಾಸ್ತ್ರ ಬಲ್ಲವರನ್ನು ಬಡವರೆಂದಷ್ಟೇ ಕರೆದರೆ ಸಾಲದು, ಬಲ್ಲವರು ಎಂದೂ ಕರೆಯಬೇಕು.

ಈ ವಿದ್ಯೆಗೆ ಜೊತೆಗಾರನಾಗಿ ಸಂತೆಯ ಮಗ್ಗುಲಲ್ಲಿ ದರ್ಜಿ ಇರುತ್ತಾನೆ. ಗೊಗೋಲನ ಓವರ್‌ಕೋಟ್ ಕಥೆಯನ್ನು, ೧೮೪೨ರಲ್ಲಿ ಪ್ರಕಟವಾದದ್ದನ್ನು, ನಮ್ಮಲ್ಲಿ ಅನೇಕರು ಓದಿರಬೇಕು. ಬಡ ಗುಮಾಸ್ತೆಯ ಹಳೆಯ ಕೋಟಿಗೆ ತೇಪೆ ಹಾಕಲು ಅದರಲ್ಲಿಯ ದರ್ಜಿ ಒಪ್ಪುವುದೇ ಇಲ್ಲ. ಹೊಸದನ್ನೇ ಹೊಲಿಸಬೇಕೆಂದು ಹಟ ಹಿಡಿಯುತ್ತಾನೆ. ಅಲ್ಲಿಂದ ದುರಂತದ ಆರಂಭ. ಮಲೆನಾಡಿನ ದರ್ಜಿ ಆ ಕಥೆಯಲ್ಲಿದ್ದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ನಮ್ಮವನು ತೇಪೆಗೆ ಒಲ್ಲೆನೆನ್ನುವವನಲ್ಲ. ಸವೆದ ಕಾಲರನ್ನು ಬಿಚ್ಚಿ, ಒಳಮೈಯನ್ನು ಹೊರಗೆ ಮಾಡಿ, ಮತ್ತೆ ಕೂಡಿಸಿ ಷರಟಿಗೆ ಎರಡನೆಯ ಯೌವನ ತರುತ್ತಾನೆ. ಬೊಜ್ಜಿನವರ ಪ್ಯಾಂಟಿನಲ್ಲಿ ಹುಡುಗನ ಚಡ್ಡಿಯನ್ನೂ ಉಳಿದದ್ದರಲ್ಲಿ ಸಂತೆಯ ಚೀಲವನ್ನೂ ತೆಗೆಯುತ್ತಾನೆ. ಹಳೆಯ ಬಟ್ಟೆ ತೊಟ್ಟವರ ಬಟ್ಟೆಯಾಗುವುದು ಅವನ ಹೊಲಿಗೆಯ ಯಂತ್ರದ ಕೆಳಗೆ. ಅಳತೆ ತಿದ್ದಿದ ಮೇಲೆ ಅದು ಇನ್ನೊಬ್ಬರು ಬಿಟ್ಟದ್ದಾಗಿ ಉಳಿಯುವುದಿಲ್ಲ.

ಹೆಂಗಸರು ತೊಡುವ ಗಂಡಸರ ಷರಟಿನ ವಿಷಯವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಇದನ್ನು ಯಾವ ಕಂಪನಿಯೂ ಗೊತ್ತುಮಾಡಿಕೊಡಲಿಲ್ಲ. ಕೆಲಸವೇ ಇದನ್ನು ಕಂಡುಹಿಡಿಯಿತು. ಕಾಫಿಯ ರೆಂಬೆ ಕೈಗೀರುತ್ತದೆ, ಚಗಳಿ ಇರುವೆ ಕುತ್ತಿಗೆಗೆ ಉದುರಿ ಕಚ್ಚುತ್ತದೆ, ಇಬ್ಬನಿ ರವಕೆಯನ್ನು ನೆನೆಸುತ್ತದೆ. ತುಂಬುತೋಳು ಕೈಯನ್ನೂ, ಮೇಲೆತ್ತಿದ ಕಾಲರು ಕುತ್ತಿಗೆಯನ್ನೂ ಕಾಯುತ್ತವೆ. ಇದರ ಮೇಲೆ ಜೇಬು ಎಂಬ ಲಾಭ, ಸೀರೆಗೆ ಜೇಬೆಲ್ಲಿಯದು? ಎಲೆಯಡಿಕೆ, ಬೀಗದ ಕೈ, ಈಚೆಗೆ ಮೊಬೈಲು, ಎಲ್ಲಕ್ಕೂ ಆಶ್ರಯ ಗಂಡಸರ ಷರಟಿನ ಜೇಬು. ಇನ್ನಾರಿಗೋ ಹೊಲಿದ ಬಟ್ಟೆಯನ್ನು ತಮ್ಮ ದುಡಿಮೆಗೆ ತಕ್ಕಂತೆ ಒಗ್ಗಿಸಿಕೊಂಡು, ಇಡೀ ಸೀಮೆಗೆ ಒಂದು ಉಡುಪಿನ ರೀತಿಯನ್ನೇ ನಿರ್ಮಿಸಿದ ಈ ಹೆಂಗಸರ ಜಾಣತನ ಯಾವ ಉಡುಗೆ-ತೊಡುಗೆಯ ಪುಸ್ತಕದಲ್ಲಿಯೂ ಸೇರಿಲ್ಲ. ಅದರಲ್ಲಿಯೂ ಚೆಂದದ ವಿಚಾರ ಇದ್ದೇ ಇದೆ. ಸೀರೆಯ ಬಣ್ಣಕ್ಕೆ ಒಪ್ಪುವ ಷರಟನ್ನೇ ರಾಶಿಯಿಂದ ಹೆಕ್ಕುವವರನ್ನು ಯಾವ ಸಂತೆಯಲ್ಲಿಯೂ ಕಾಣಬಹುದು.

ಸ್ವಾತಂತ್ರ್ಯ ಬಂದ ಮೇಲೆ ಕಾನೂನು ಕೂಲಿಕಾರರ ಚಳಿ-ಮಳೆಯನ್ನು ಗಮನಿಸಿತು. ೧೯೫೧ರ ತೋಟ ಕಾರ್ಮಿಕರ ಕಾಯಿದೆಯ ೧೭ನೆಯ ಕಲಮು, ಕೆಲಸಗಾರರಿಗೆ ಕೊಡೆ, ಕಂಬಳಿ, ಮಳೆಯಂಗಿ ಮುಂತಾದುವನ್ನು ತೋಟದವರು ಒದಗಿಸಬೇಕೆಂದು ನಿಯಮ ಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಕೊಟ್ಟಿತು. ದಯೆಯಾಗಿದ್ದದ್ದು ಹೀಗೆ ಹಕ್ಕಿನ ದಾರಿ ಹಿಡಿಯಿತು. ಇದು ಸಣ್ಣ ಸಂಗತಿಯಲ್ಲ. ಆದರೆ ಕಂಬಳಿಯ ಸ್ವರೂಪವೇ ಅಷ್ಟರಲ್ಲಿ ಬದಲಾಗತೊಡಗಿತ್ತು. ಇಂಗ್ಲೆಂಡಿನ ಯಾರ್ಕ್‌ಷೈರಿನ ಬ್ಯಾಟ್ಲಿಯಲ್ಲಿ ಬೆಂಜಮಿನ್ ಲಾ ಎಂಬುವನು ೧೮೧೩ರಲ್ಲಿ ಹಳೆಯ ಉಣ್ಣೆಯ ಚಿಂದಿಯನ್ನು ಹಿಂಜಿ ಮತ್ತೆ ನೂಲು ಮಾಡುವ ವಿಧಾನವನ್ನು ಕಂಡುಹಿಡಿದಿದ್ದ. ಅದಕ್ಕೆ ಷಾಡಿ ಎಂದು ಹೆಸರು. ನಮ್ಮ ದೇಶದಲ್ಲಿ ಈ ಉದ್ಯಮ ನೆಲೆಯಾದದ್ದು ಹರಿಯಾಣದ ಪಾಣಿಪತ್ತಿನಲ್ಲಿ. ಶೀತದೇಶಗಳವರು ಬಿಸುಟ ಕೋಟು-ಸ್ವೆಟರುಗಳನ್ನು ಮತ್ತೆ ತೊಡಲಾಗದಂತೆ ಸೀಳಿಯೇ ತರಬೇಕೆಂಬುದು ಆಮದಿನ ನಿಯಮ. ಅಲ್ಲಿ ಅವನ್ನು ಬಣ್ಣಕ್ಕೆ ಬಣ್ಣ ಕೂಡಿಸಿ, ಹಿಂಜಿ, ನೂತು, ಅಗ್ಗದ ಕಂಬಳಿಗಳನ್ನಾಗಿ ನೇಯುತ್ತಾರೆ. ನೆರೆ, ಭೂಕಂಪಗಳಲ್ಲಿ ಪರಿಹಾರವಾಗಿ ಹಂಚುವ ಕಂಬಳಿಗಳಲ್ಲಿ ಬಹಳಷ್ಟು ಈ ಬಗೆಯವು. ಸೋಜಿಗವೆಂದರೆ, ಹೊಸದೆಂದು ಕೈಯಲ್ಲಿಟ್ಟ ಕಂಬಳಿಯೂ ಹೀಗೆ ಯಾರೋ ಬಿಟ್ಟ ಬಟ್ಟೆಯ ಮರುಹುಟ್ಟಾಗಿರಬಹುದು. ಅದರ ಅಗ್ಗದ ಎದುರಿಗೆ ಕುರುಬರ ಮಗ್ಗದ ಕರಿಕಂಬಳಿ ನಿಲ್ಲಲಾರದೆ ಹೋಯಿತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಹಳೆಯ ಬಟ್ಟೆಯ ಹೊಳೆ ಹರಿದು ಬಂದರೆ ಹೊಸ ಬಟ್ಟೆ ನೇಯುವವನ ಗತಿ ಏನು? ಆಕ್ಷೇಪ ನ್ಯಾಯವಾದದ್ದೇ. ಪೂರ್ವ ಆಫ್ರಿಕದ ರುವಾಂಡ ದೇಶ ತನ್ನ ಬಟ್ಟೆ ಕೈಗಾರಿಕೆಯನ್ನು ಉಳಿಸಿಕೊಳ್ಳಲು ೨೦೧೬ರಲ್ಲಿ ಆಮದಾಗುವ ಹಳೆಯ ಬಟ್ಟೆಗಳ ಮೇಲಿನ ಸುಂಕವನ್ನು ಬಹುವಾಗಿ ಏರಿಸಿತು. ಅಮೆರಿಕ ಅದಕ್ಕೆ ಪ್ರತಿಯಾಗಿ ೨೦೧೮ರಲ್ಲಿ ರುವಾಂಡದ ಸಿದ್ಧ ಉಡುಪುಗಳಿಗೆ ಕೊಟ್ಟಿದ್ದ ಸುಂಕದ ರಿಯಾಯಿತಿಯನ್ನು ತಡೆಹಿಡಿಯಿತು. ಮೇಲಿನವರು ಬಿಟ್ಟದ್ದನ್ನು ಕೆಳಗಿನವರು ತೊಡಲೇಬೇಕೆಂಬ ಹಳೆಯ ವಿಧಿ ದೇಶದೇಶಗಳ ನಡುವೆಯೂ ವೇಷ ಮರೆಸಿಕೊಂಡು ಬಂದಂತೆ ತೋರುತ್ತದೆಯಲ್ಲವೆ? ಬೇಡವೆನ್ನುವ ಹಕ್ಕು ವ್ಯಕ್ತಿಗೆ ಎಷ್ಟು ಮುಖ್ಯವೋ ಜನಾಂಗಕ್ಕೂ ಅಷ್ಟೇ ಮುಖ್ಯ.

ಇದೇ ಪ್ರಶ್ನೆ ೧೯೨೧ರಲ್ಲಿ ನಮ್ಮ ಇಬ್ಬರು ಹಿರಿಯರ ನಡುವೆ ಚರ್ಚೆಗೆ ಬಂದಿತ್ತು. ಆ ವರ್ಷದ ಜುಲೈ ೩೧ರಂದು ಮುಂಬಯಿಯಲ್ಲಿ ವಿದೇಶಿ ಬಟ್ಟೆಗಳ ರಾಶಿಗೆ ಬೆಂಕಿಯಿಟ್ಟರು. ಉಡಲು ಇಲ್ಲದವರ ದೇಶದಲ್ಲಿ ಬಟ್ಟೆ ಸುಡುವುದು ಸರಿಯೆ ಎಂದು ರವೀಂದ್ರನಾಥ ಠಾಕೂರರು ಕೇಳಿದರು. ಅಕ್ಟೋಬರಿನಲ್ಲಿ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಗಾಂಧೀಜಿ ಉತ್ತರಿಸಿದರು. ಬಡವರಿಗೆ ಬೇಕಾದದ್ದು ಕೆಲಸ. ಅದನ್ನು ಕೊಡದೆ ನಮಗೆ ಬೇಡವಾದ ಬಟ್ಟೆಯನ್ನು ಕೊಡುವುದು ಅವರಿಗೆ ಮಾಡುವ ಅವಮಾನ ಎಂಬುದು ಅವರ ಉತ್ತರದ ತಾತ್ಪರ್ಯ. ಕವಿಯ ಪ್ರಶ್ನೆಯಲ್ಲಿ ಕರುಣೆ ಇದೆ. ಗಾಂಧೀಜಿಯ ಉತ್ತರದಲ್ಲಿ ಪಡೆಯುವವನ ಮುಖ ಕಾಣುತ್ತದೆ. ಸಂತೆಯ ರಾಶಿ ಈ ಇಬ್ಬರ ನಡುವೆ ನಿಂತು ಮೂರನೆಯ ಮಾತೊಂದನ್ನು ಹೇಳುತ್ತದೆ: ಬಟ್ಟೆಯನ್ನು ಸುಡಬೇಕಾಗಿಲ್ಲ, ದಾನ ಮಾಡಬೇಕಾಗಿಯೂ ಇ್ಲ, ದುಡಿದವನು ತನ್ನ ದುಡಿಮೆಯ ಕಾಸಿನಿಂದ ಆರಿಸಿಕೊಳ್ಳಲಿ. ೧೯೯೯ರಲ್ಲಿ ದೆಹಲಿಯಲ್ಲಿ ಹುಟ್ಟಿದ ಗೂಂಜ್ ಎಂಬ ಸಂಸ್ಥೆ ಇದಕ್ಕೆ ಹತ್ತಿರವಾದ ಹಾದಿ ಹಿಡಿಯಿತು. ಹಳ್ಳಿಗರು ತಮ್ಮ ಊರಿನ ಬಾವಿ, ದಾರಿ, ಸೇತುವೆಗಳ ಕೆಲಸವನ್ನು ತಾವೇ ಮಾಡಿಕೊಂಡು, ಪ್ರತಿಫಲವಾಗಿ ಬಟ್ಟೆ ಪಡೆಯುತ್ತಾರೆ. ಅದರ ಸ್ಥಾಪಕ ಅಂಶು ಗುಪ್ತರಿಗೆ ೨೦೧೫ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಹಳೆಯ ಬಟ್ಟೆಯ ಮೇಲಿನ ಅಂಜಿಕೆಗೆ ಕಾರಣವಿಲ್ಲದೆ ಇರಲಿಲ್ಲ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟ ದಿನಗಳಲ್ಲಿ ಸತ್ತವರ ಬಟ್ಟೆಬರೆ ಎಂದರೆ ಜನ ಬೆಚ್ಚಿಬೀಳುತ್ತಿದ್ದರು. ಕಜ್ಜಿ, ಹೇನುಗಳ ಭಯ ಅನಂತರವೂ ಉಳಿಯಿತು. ಆದರೆ ರೋಗದ ಭಯಕ್ಕೆ ಕುದಿನೀರು ಮತ್ತು ಬಿಸಿಲು ಉತ್ತರ ಹೇಳಬಲ್ಲವು. ನಾಚಿಕೆ ಎಂಬ ಇನ್ನೊಂದು ಭಯಕ್ಕೆ ಮಾತ್ರ ಅವು ಉತ್ತರ ಹೇಳಲಾರವು. ಸಂತೆಯಲ್ಲಿ ಕೊಂಡ ಷರಟನ್ನು ಶಾಲೆಗೆ ತೊಟ್ಟು ಹೋದ ಹುಡುಗ, ಅದು ತನ್ನದೆಂದು ಮೊದಲ ಸಲ ತೊಟ್ಟವನ ಮಗನ ಕಣ್ಣಿಗೆ ಬೀಳುವನೋ ಎಂದು ಹಿಂದಿನ ಬೆಂಚಿನಲ್ಲಿ ಮುದುಡಿ ಕೂಡುವ ಸಂಕಟವಿದೆಯಲ್ಲ, ಅದನ್ನು ಒಗೆದು ತೆಗೆಯುವ ಸಾಬೂನು ಇಲ್ಲ.

ಈಚಿನ ವರ್ಷಗಳಲ್ಲಿ ಈ ನಾಚಿಕೆ ತಿರುಗುಮುರುಗಾಗಿರುವುದು ವಿನೋದದ ಸಂಗತಿ. ಬೆಂಗಳೂರಿನ ಉಳ್ಳವರ ಮಕ್ಕಳು ಥ್ರಿಫ್ಟ್ ಎಂಬ ಹೊಸ ಹೆಸರಿನಲ್ಲಿ ಹಳೆಯ ಬಟ್ಟೆಗಳನ್ನು ಮೊಬೈಲಿನ ಪರದೆಯ ಮೇಲೆ ಆರಿಸಿ ತರಿಸಿಕೊಳ್ಳುತ್ತಾರೆ. ಭುಜ ಜೋತುಬಿದ್ದ ಕೋಟು ಅವರಲ್ಲಿ ಠೀವಿಯ ಗುರುತು. ಭೂಮಿಯ ಮೇಲಿನ ಕಸ ಕಡಿಮೆಯಾಗಲಿ ಎಂಬ ಅವರ ಆಶಯ ಒಳ್ಳೆಯದು; ಅದನ್ನು ಹಾಸ್ಯಮಾಡುವುದು ಸಲ್ಲದು. ಆದರೆ ಅದೇ ಕೋಟು ಕಳಸದ ಲೈನಿನ ಮನೆಯವನ ಮೈಮೇಲೆ ಇದ್ದಾಗ ಬಡತನವೆಂದೂ ಪೇಟೆಯ ಹುಡುಗನ ಮೈಮೇಲೆ ಇದ್ದಾಗ ಅಭಿರುಚಿಯೆಂದೂ ಕಾಣುವುದಾದರೆ ದೋಷ ಕೋಟಿನದಲ್ಲ, ನಮ್ಮ ಕಣ್ಣಿನದು. ಬೆಳಕಿಗೆ ಹಿಡಿದು ಎಳೆ ನೋಡುವ, ಭುಜ ಅಳೆಯುವ, ಸೀರೆಗೆ ಒಪ್ಪುವ ಬಣ್ಣ ಹುಡುಕುವ ವಿದ್ಯೆಯನ್ನು ಮಲೆನಾಡಿನ ಕೂಲಿಕಾರರು ಈ ಹೊಸ ಹೆಸರು ಹುಟ್ಟುವುದಕ್ಕೆ ಬಹು ಮೊದಲೇ ಕಲಿತಿದ್ದರು. ಮನಸ್ಸು ಬೇಡುವ ಚೆಂದವನ್ನು ಕೈಯಲ್ಲಿರುವ ಕಾಸಿನೊಳಗೆ ಹುಡುಕಿಕೊಳ್ಳುವುದೂ ಸಂಸ್ಕೃತಿಯ ಕೆಲಸವೇ.

ನಮ್ಮ ಪೆಟ್ಟಿಗೆಗಳಲ್ಲಿ, ಬೀರುಗಳಲ್ಲಿ ತೊಡದೆ ಮಡಿಸಿಟ್ಟ ಬಟ್ಟೆಗಳಿಗೆ ಕೊರತೆಯಿಲ್ಲ. ಅವು ಇನ್ನೊಬ್ಬರಿಗೆ ಆಗಲಿ ಎಂಬ ಯೋಚನೆ ಎಲ್ಲರಿಗೂ ಒಂದಲ್ಲ ಒಂದು ದಿನ ಬರುತ್ತದೆ. ಬರಬೇಕಾದದ್ದೇ. ಕೊಡುವಾಗ ಗುಂಡಿ ಹಾಕಿ, ಒಗೆದು ಕೊಡುವುದು ಕನಿಷ್ಠ ಮರ್ಯಾದೆ. ಕೊಡುವುದಕ್ಕೆ ಬದಲು ಎದುರಿಗೆ ಹರವಿ, ಇದರಲ್ಲಿ ನಿಮಗೆ ಯಾವುದು ಒಪ್ಪಿತು ಎಂದು ಕೇಳುವುದು ಅದಕ್ಕಿಂತ ದೊಡ್ಡ ಮರ್ಯಾದೆ. ಯಾವುದೂ ಒಪ್ಪಲಿಲ್ಲ ಎಂಬ ಉತ್ತರ ಬಂದರೆ ಬೇಸರಿಸದೆ ಮಡಿಸಿ ಒಳಗಿಡುವುದು ಎಲ್ಲಕ್ಕಿಂತ ದೊಡ್ಡದು. ಮೈ ಮುಚ್ಚುವ ಬಟ್ಟೆಯನ್ನು ಯಾರೂ ಕೊಡಬಲ್ಲರು. ತನಗೊಪ್ಪಿದ್ದನ್ನು ತೊಟ್ಟು ತಲೆಯೆತ್ತಿ ನಡೆಯುವ ಸುಖ, ಆರಿಸಿಕೊಂಡವರಿಗೆ ಮಾತ್ರ ದೊರೆಯತಕ್ಕದ್ದು.